ಬಾವಿಯ ಸುತ್ತಳತೆ

ಆ ವರ್ಷ ಮುಂಗಾರಿನ ಮೊದಲ ಮಳೆಗಳ ಹಿಂದೆಯೇ ದೇವನಹಳ್ಳಿ ಸೀಮೆಯ ಹಳ್ಳಿಗಳಿಗೆ ವಾಂತಿಭೇದಿ ಬಂತು. ಬೀದಿಯ ನೀರು, ತಿಪ್ಪೆಯ ನೀರು ಎಲ್ಲ ಹರಿದು ಬಾವಿ ಸೇರುವ ಕಾಲ ಅದು. ನಾನು ಅಲ್ಲಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದೆ. ಒಂದು ಬೆಳಿಗ್ಗೆ ಪ್ರಾರ್ಥನೆ ಮುಗಿಯುವ ಹೊತ್ತಿಗೆ ಹೆಲ್ತ್ ಇನ್‌ಸ್ಪೆಕ್ಟರು ಸೈಕಲ್ಲಿನಲ್ಲಿ ಬಂದು ನೇರ ಹೆಡ್‌ಮಾಸ್ತರ ಕೋಣೆಗೆ ಹೋದರು. ಸ್ವಲ್ಪ ಹೊತ್ತಿಗೆ ನನಗೂ ಕರೆ ಬಂತು.

ಇನ್‌ಸ್ಪೆಕ್ಟರು ನಡುವಯಸ್ಸಿನವರು. ನಿದ್ದೆಗೆಟ್ಟು ಅವರ ಕಣ್ಣು ಕೆಂಪಾಗಿತ್ತು. ಯುದ್ಧದ ಕಾಲ, ಅವರ ಕೈಕೆಳಗಿದ್ದ ಇಬ್ಬರನ್ನೂ ಬೇರೆ ಕಡೆಗೆ ಕಳಿಸಿಬಿಟ್ಟಿದ್ದರು.

“ಬಾವಿಗಳಿಗೆ ಬ್ಲೀಚಿಂಗ್ ಪುಡಿ ಹಾಕ್ಬೇಕು ಮೇಷ್ಟ್ರೇ. ಇರೋ ಪುಡಿ ಬಹಳ ಕಡಿಮೆ. ಕಣ್ಣಂದಾಜಿನ ಮೇಲೆ ಹಾಕ್ತಾ ಹೋದ್ರೆ ಅರ್ಧ ತಾಲ್ಲೂಕಿಗೂ ಸಾಲಲ್ಲ. ಯಾವ ಬಾವೀಲಿ ಎಷ್ಟು ನೀರಿದೆ ಅಂತ ಅಳೆದು ಲೆಕ್ಕ ಹಾಕಿಕೊಡೋರು ಬೇಕು. ನಿಮ್ಮ ದೊಡ್ಡ ಕ್ಲಾಸಿನ ಹುಡುಗರಿಗೆ ಲೆಕ್ಕ ಬರುತ್ತಲ್ಲ?”

ಹೆಡ್‌ಮಾಸ್ತರು ಹಿಂದೆಮುಂದೆ ನೋಡಿದರು. “ಹುಡುಗರನ್ನ ರೋಗ ಇರೋ ಊರಿಗೆ ಹೇಗೆ ಕಳಿಸೋದು?”

“ರೋಗ ಇರೋ ಊರು ನನಗಿರಲಿ. ಇನ್ನೂ ಬರದೇ ಇರೋ ಊರುಗಳನ್ನ ಇವರು ನೋಡ್ಕೊಳ್ಲಿ. ಎಲ್ಲರಿಗೂ ಸೂಜಿ ಹಾಕ್ಸಿಬಿಡ್ತೀನಿ.”

ನಾನು ಅವರಿಬ್ಬರ ಮಾತು ಮುಗಿಯುವ ಮೊದಲೇ ಒಪ್ಪಿಕೊಂಡೆ. ಬೋರ್ಡಿನ ಮೇಲೆ ಸಿಲಿಂಡರಿನ ಚಿತ್ರ ಬರೆದು ಘನಫಲ ಕಂಡುಹಿಡಿಯಿರಿ ಎಂದಾಗ ತೂಕಡಿಸುತ್ತಿದ್ದ ಹುಡುಗರಿಗೆ ಈಗ ನಿಜವಾದ ಸಿಲಿಂಡರು ಸಿಕ್ಕಿತ್ತು. ಆ ಉತ್ಸಾಹವನ್ನು ನೆನೆದರೆ ಈಗಲೂ ಮೈ ಕುಗ್ಗುತ್ತದೆ.

ಎಂಟು ಹುಡುಗರನ್ನು ಆರಿಸಿದೆ. ಇನ್‌ಸ್ಪೆಕ್ಟರ ಕೈಪಿಡಿಯಲ್ಲಿ ಸುಲಭವಾದ ಸೂತ್ರವೊಂದಿತ್ತು. ಬಾವಿಯ ವ್ಯಾಸವನ್ನು ಅಡಿಯಲ್ಲಿ ಅಳೆದು, ಅದನ್ನು ಅದರಿಂದಲೇ ಗುಣಿಸಿ, ನೀರಿನ ಆಳದಿಂದ ಗುಣಿಸಿ, ಕೊನೆಗೆ ಐದರಿಂದ ಗುಣಿಸಿದರೆ ಎಷ್ಟು ಗ್ಯಾಲನ್ ನೀರಿದೆ ಎಂಬುದು ಹೆಚ್ಚುಕಡಿಮೆ ಸಿಗುತ್ತದೆ. ನೂರು ಗ್ಯಾಲನ್ನಿಗೆ ಕಾಲು ಔನ್ಸ್ ಪುಡಿ. ಆಳಕ್ಕೆ ಒಂದು ಹಗ್ಗ, ತುದಿಗೆ ಕಲ್ಲು, ಅಡಿಗೊಂದು ಗಂಟು. ಹಗ್ಗ ತಳ ಮುಟ್ಟಿಸಿ ಮೇಲೆಳೆದಾಗ ನೆನೆದ ಭಾಗ ಎಷ್ಟುದ್ದವೋ ಅಷ್ಟು ನೀರು. ನೆನೆದ ಹಗ್ಗ ಒಣಗಿದಾಗ ಗಂಟುಗಳ ನಡುವಿನ ಅಂತರ ಬದಲಾಗುವುದರಿಂದ ದಿನವೂ ಬೆಳಿಗ್ಗೆ ಅದನ್ನು ಅಡಿಕೋಲಿಗೆ ಹಿಡಿದು ನೋಡಬೇಕೆಂದು ಕಟ್ಟಪ್ಪಣೆ ಮಾಡಿದೆ.

ಪುಡಿಯ ಡಬ್ಬ ತೆರೆಯುವ ಕೆಲಸವನ್ನು ಹುಡುಗರಿಗೆ ಕೊಡಲಿಲ್ಲ. ಅದರ ಗಾಳಿ ಮೂಗಿಗೆ ಹೊಡೆದರೆ ಎದೆ ಹಿಡಿದುಕೊಳ್ಳುತ್ತದೆ. ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೊಂಡು ನಾನೇ ತೂಗುತ್ತಿದ್ದೆ. ಮಡಕೆಯಲ್ಲಿ ಸ್ವಲ್ಪ ನೀರು ಹಾಕಿ ಪುಡಿಯನ್ನು ಕಲಸಿ, ಮತ್ತಷ್ಟು ನೀರು ಬೆರೆಸಿ, ಸುಣ್ಣ ತಳಕ್ಕಿಳಿದ ಮೇಲೆ ಮೇಲಿನ ತಿಳಿಯನ್ನು ಬಕೆಟ್ಟಿಗೆ ಬಗ್ಗಿಸಿ, ಆ ಬಕೆಟ್ಟನ್ನು ಬಾವಿಗಿಳಿಸಿ ನೀರಿನೊಳಗೆ ಮೇಲೆ ಕೆಳಗೆ ಆಡಿಸಬೇಕು. ಸಂಜೆ ಹೆಂಗಸರು ನೀರು ಸೇದಿಕೊಂಡು ಹೋದ ಮೇಲೆ ಇದನ್ನು ಮಾಡಿ, ಬೆಳಗಾಗುವ ತನಕ ಯಾರೂ ಬಾವಿ ಮುಟ್ಟಬಾರದೆಂದು ಸಾರಿ ಬರುತ್ತಿದ್ದೆವು.

ಮೊದಲ ದಿನವೇ ಅನಾಹುತವಾಗುವುದರಲ್ಲಿತ್ತು. ವ್ಯಾಸ ಅಳೆಯಲು ಬಾವಿಯ ಬಾಯಿಗೆ ಅಡ್ಡವಾಗಿ ಬಿದಿರಿನ ಗಳು ಇಡಬೇಕಿತ್ತು. ಕಟ್ಟೆಯಿಲ್ಲದ ಬಾವಿ. ಒಬ್ಬ ಹುಡುಗ ಅಂಚಿನ ಚಪ್ಪಡಿಯ ಮೇಲೆ ಬೋರಲು ಮಲಗಿ ಗಳುವನ್ನು ಆಚೆಗೆ ತಳ್ಳುತ್ತಿದ್ದಾಗ ಚಪ್ಪಡಿ ಅಲುಗಿ ಮುಂದಕ್ಕೆ ಜಾರಿತು. ಹಿಂದೆ ನಿಂತಿದ್ದವನು ಅವನ ಎರಡು ಕಾಲನ್ನೂ ಹಿಡಿದು ಹಿಂದಕ್ಕೆ ಬಿದ್ದ. ಚಪ್ಪಡಿ ನೀರಿಗೆ ಹೋಯಿತು, ಹುಡುಗ ಉಳಿದ.

ಹಾಗೆ ಕಾಲು ಹಿಡಿದವನು ಆವತಿಯ ಆಚೆಗಿನ ಒಂದು ಸಣ್ಣ ಹಳ್ಳಿಯಿಂದ ದಿನಾ ನಡೆದು ಬರುತ್ತಿದ್ದ ಹುಡುಗ. ರಾಗಿ ಬೆಳೆಯುವ ಮನೆಯವನು. ಬುದ್ಧಿವಂತನೆಂದು ಹೆಸರಾಗಿದ್ದವನಲ್ಲ. ಆದರೆ ಯಾವ ಅಳತೆಯನ್ನೂ ಎರಡು ಸಲ ನೋಡದೆ ಬರೆಯುತ್ತಿರಲಿಲ್ಲ.

ಆ ಸಂಜೆ ನಾನು ಹೊಸ ನಿಯಮ ಮಾಡಿದೆ. ಇನ್ನು ಯಾರೂ ಬಾವಿಯ ಬಾಯಿಗೆ ಬಗ್ಗಕೂಡದು. ಅಂಚಿನಿಂದ ಹಿಂದೆ ನಿಂತು ಸುತ್ತಲೂ ಹಗ್ಗ ಬಿಟ್ಟು ಸುತ್ತಳತೆ ತೆಗೆದುಕೊಳ್ಳುವುದು. ಕಟ್ಟೆಯಿದ್ದರೆ ಅದರ ದಪ್ಪದ ಆರರಷ್ಟನ್ನು ಕಳೆದರೆ ಒಳಸುತ್ತು ಸಿಗುತ್ತದೆ. ಅದರಿಂದ ವ್ಯಾಸ ತೆಗೆದು ಗುಣಿಸುತ್ತ ಕೂತರೆ ಹುಡುಗರು ತಪ್ಪು ಮಾಡಿಯಾರೆಂದು ನಾನೇ ಒಂದು ಕೋಷ್ಟಕ ತಯಾರಿಸಿದೆ. ಸುತ್ತಳತೆ ಇಷ್ಟಿದ್ದು ನೀರಿನ ಆಳ ಇಷ್ಟಿದ್ದರೆ ಗ್ಯಾಲನ್ ಇಷ್ಟು, ಪುಡಿ ಇಷ್ಟು. ಅಂದವಾದ ಅಕ್ಷರದಲ್ಲಿ ಬರೆದು ರಟ್ಟಿಗೆ ಅಂಟಿಸಿದೆ. ಹೆಡ್‌ಮಾಸ್ತರು ಅದನ್ನು ನೋಡಿ, “ಇದನ್ನ ಅಚ್ಚು ಹಾಕಿಸ್ಬೇಕು ಕಣ್ರೀ” ಎಂದರು.

ಮುಂದಿನ ದಿನಗಳಲ್ಲಿ ಎಂಟು ಬಾವಿಗಳಿಗೆ ಮದ್ದು ಹಾಕಿದೆವು. ಒಂಬತ್ತನೆಯದು ಆ ಹುಡುಗನ ಊರಿನದು. ಅವನೇ ಅಳೆದ. ಒಳಸುತ್ತು ಮೂವತ್ತಮೂರು ಅಡಿ, ನೀರು ಹನ್ನೆರಡು ಅಡಿ. ಕೋಷ್ಟಕ ನೋಡಿ ನಾಲ್ಕು ಔನ್ಸ್ ಪುಡಿ ತೂಗಿ ಹಾಕಿದೆ. ಅವನ ತಾಯಿ ಮನೆಯಿಂದ ಒಂದು ಚೊಂಬು ಮಜ್ಜಿಗೆ ತಂದುಕೊಟ್ಟರು.

“ಈ ನೀರು ಕುಡಿದ್ರೆ ಏನೂ ಆಗಲ್ವಾ ಸ್ವಾಮಿ? ವಾಸನೆ ಬರ್ತದೆ ಅಂತಾರೆ.”

“ಎರಡು ದಿನ ವಾಸನೆ ಇರುತ್ತೆ ತಾಯಿ. ಧೈರ್ಯವಾಗಿ ಕುಡೀರಿ” ಎಂದೆ.

ವಾಸನೆ ಬರಲಿಲ್ಲ. ಒಂಬತ್ತು ಊರುಗಳಲ್ಲಿ ಒಬ್ಬರೂ ವಾಸನೆಯ ದೂರು ಹೇಳಲಿಲ್ಲ. ಬೇರೆ ಕಡೆ ಇನ್‌ಸ್ಪೆಕ್ಟರು ಮದ್ದು ಹಾಕಿದಾಗ ಹೆಂಗಸರು ಬೈದು ಕೆರೆಯ ನೀರಿಗೆ ಹೋಗುತ್ತಿದ್ದರಂತೆ. ನಮ್ಮ ಅಳತೆ ಅಷ್ಟು ಕರಾರುವಾಕ್ಕಾಗಿದೆ ಎಂದು ನಾನು ತಿಳಿದುಕೊಂಡೆ. ಇನ್‌ಸ್ಪೆಕ್ಟರೂ ಡಬ್ಬ ಎತ್ತಿ ನೋಡಿ, “ಎಷ್ಟು ಪುಡಿ ಉಳಿಸಿಬಿಟ್ರಿ ನೀವು” ಎಂದು ಸಂತೋಷಪಟ್ಟರು. ಸಂತೋಷದ ಸುದ್ದಿಯನ್ನು ನಮ್ಮಿಬ್ಬರಲ್ಲಿ ಯಾರೂ ಪರೀಕ್ಷಿಸಲಿಲ್ಲ.

ಪರೀಕ್ಷಿಸುವ ದಾರಿ ನನಗೆ ಗೊತ್ತಿತ್ತು. ಮದ್ದು ಹಾಕಿದ ಅರ್ಧ ಗಂಟೆಯ ಮೇಲೆ ಬಾವಿಯ ನೀರನ್ನು ಗಾಜಿನ ಸೀಸೆಯಲ್ಲಿ ತೆಗೆದುಕೊಂಡು, ಒಂದೆರಡು ಹರಳು ಪೊಟ್ಯಾಸಿಯಂ ಅಯೊಡೈಡ್ ಮತ್ತು ಸ್ವಲ್ಪ ತಿಳಿ ಗಂಜಿ ಹಾಕಬೇಕು. ನೀರು ನೀಲಿಯಾದರೆ ಮದ್ದು ಇನ್ನೂ ಉಳಿದಿದೆ, ಬಣ್ಣ ಬರದಿದ್ದರೆ ಸಾಲಲಿಲ್ಲ. ನಮ್ಮ ಲ್ಯಾಬಿನಲ್ಲಿ ಅಯೊಡೈಡ್ ಸೀಸೆಯ ತಳದಲ್ಲಿ ಒಂದು ಬೆರಳಿನಷ್ಟು ಮಾತ್ರ ಇತ್ತು. ಯುದ್ಧ ಮುಗಿಯುವ ತನಕ ಬೆಂಗಳೂರಿನಿಂದ ಬರುವ ನಂಬಿಕೆಯಿರಲಿಲ್ಲ. ಪ್ರಾಕ್ಟಿಕಲ್ ಪರೀಕ್ಷೆಗೆ ಬೇಕಾಗುತ್ತದೆಂದು ಬೀರುವಿನಲ್ಲಿಟ್ಟು ಬೀಗ ಹಾಕಿದ್ದೆ.

ನಾಲ್ಕನೆಯ ದಿನ ಆ ಹುಡುಗ ಶಾಲೆಗೆ ಬರಲಿಲ್ಲ. ಮಧ್ಯಾಹ್ನ ಆವತಿಯಿಂದ ಬಂದ ಗಾಡಿಯವನು ಸುದ್ದಿ ತಂದ. ಊರಿನಲ್ಲಿ ಐದು ಜನ ಮಲಗಿದ್ದಾರೆ, ಇಬ್ಬರು ಆಗಲೇ ಹೋದರು. ಮಲಗಿದವರಲ್ಲಿ ಹುಡುಗನ ತಾಯಿಯೂ ಇದ್ದರು.

ನಾನು ಬೀರು ತೆಗೆದು ಅಯೊಡೈಡ್ ಸೀಸೆಯನ್ನು ಜೇಬಿಗೆ ಹಾಕಿಕೊಂಡೆ. ಹುಡುಗರಲ್ಲಿ ಯಾರನ್ನೂ ಜೊತೆಗೆ ಕರೆದೊಯ್ಯಲಿಲ್ಲ. ನಾನು ತಲುಪುವ ಹೊತ್ತಿಗೆ ಇನ್‌ಸ್ಪೆಕ್ಟರು ಅಲ್ಲಿದ್ದು ಮನೆಮನೆಗೆ ಸುಣ್ಣ ಹಾಕಿಸುತ್ತಿದ್ದರು. ಬಾವಿಯ ನೀರು ತೆಗೆದು ಗಂಜಿ ಹಾಕಿ ನೋಡಿದೆ. ಬಣ್ಣ ಬರಲಿಲ್ಲ. ನಾಲ್ಕು ದಿನವಾಗಿದೆ, ಬಾರದಿರುವುದು ಸಹಜ ಎಂದು ಸಮಾಧಾನ ಮಾಡಿಕೊಂಡೆ. ಕೋಷ್ಟಕದ ಪ್ರಕಾರ ಮತ್ತೆ ನಾಲ್ಕು ಔನ್ಸ್ ಹಾಕಿ, ಅರ್ಧ ಗಂಟೆ ಕಾದು ನೋಡಿದೆ. ಆಗಲೂ ಬರಲಿಲ್ಲ.

“ಪುಡಿ ಸತ್ತಿರ್ಬೇಕು” ಎಂದರು ಇನ್‌ಸ್ಪೆಕ್ಟರು. “ಡಬ್ಬ ತೆಗೆದು ಬಹಳ ದಿನ ಆಯ್ತು.”

ಹೊಸ ಡಬ್ಬ ಅವರ ಬಿಡಾರದಲ್ಲಿತ್ತು. ಅದನ್ನು ಮರುದಿನ ಬೆಳಿಗ್ಗೆ ತರಿಸಿದೆವು. ಮುಚ್ಚಳ ತೆಗೆದಾಗಲೇ ಕಣ್ಣುರಿ ಬಂತು. ಪುಡಿ ಚೆನ್ನಾಗಿತ್ತು. ಅದರಿಂದ ನಾಲ್ಕು ಔನ್ಸ್ ಹಾಕಿ ಕಾದೆವು. ಸೀಸೆಯಲ್ಲಿ ನೀಲಿಯೆಂದು ಹೇಳಬಹುದೋ ಇಲ್ಲವೋ ಎನ್ನುವಷ್ಟು ಒಂದು ನೆರಳು ಬಂತು, ನೋಡುತ್ತಿದ್ದಂತೆಯೇ ಹೋಯಿತು.

ಬಾವಿಯ ಸುತ್ತ ಊರಿನ ಹತ್ತು ಹದಿನೈದು ಜನ ಸೇರಿದ್ದರು. ಇನ್‌ಸ್ಪೆಕ್ಟರು ಬೆವರು ಒರೆಸಿಕೊಂಡು ಎಲ್ಲರಿಗೂ ಕೇಳುವಂತೆ ಹೇಳಿದರು, “ಹಾಗಾದ್ರೆ ಅಳತೇನೇ ತಪ್ಪು. ಹುಡುಗರ ಕೈಗೆ ಕೊಟ್ಟಿದ್ದೇ ತಪ್ಪಾಯ್ತು.”

ಅಳತೆ ಮಾಡಿದವನು ಯಾರೆಂದು ಊರಿಗೆಲ್ಲ ಗೊತ್ತಿತ್ತು. ಹುಡುಗ ಅಲ್ಲೇ ಇದ್ದ. ತಾಯಿಗೆ ಕಾಯಿಸಿ ಕುಡಿಸುವ ನೀರಿಗೆಂದು ಕೊಡ ಹಿಡಿದು ಬಂದು ಕಾಯುತ್ತಿದ್ದ. ಕೊಡ ಕೆಳಗಿಟ್ಟು ನನ್ನ ಚೀಲದಿಂದ ಹಗ್ಗ ತೆಗೆದುಕೊಂಡ. ಸುತ್ತಳತೆ ಹಿಡಿದ, ಕಟ್ಟೆಯ ದಪ್ಪ ನೋಡಿದ, ಕಲ್ಲು ಇಳಿಬಿಟ್ಟ. ಮೂವತ್ತಮೂರು. ಹನ್ನೆರಡು.

“ಅಷ್ಟೇ ಬರ್ತಾ ಇದೆ ಸಾರ್” ಎಂದ. ಮತ್ತೊಂದು ಸಲ ಅಳೆಯಲು ಹೊರಟ. ಅಷ್ಟರಲ್ಲಿ ಅವನ ಮನೆಯ ಕಡೆಯಿಂದ ಹೆಂಗಸರ ಅಳು ಕೇಳಿಸಿತು. ಅವನು ಹಗ್ಗವನ್ನು ಕೈಯಲ್ಲಿ ಹಿಡಿದುಕೊಂಡೇ ಓಡಿದ.

ಮಧ್ಯಾಹ್ನದವರೆಗೆ ಬಾವಿಯ ಹತ್ತಿರ ಯಾರೂ ಬರಲಿಲ್ಲ. ಇನ್‌ಸ್ಪೆಕ್ಟರು ಬೇರೆ ಮನೆಗಳ ಕಡೆಗೆ ಹೋಗಿದ್ದರು. ನಾನು ಕೋಷ್ಟಕದ ರಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಆಗ ಒಬ್ಬ ಮುದುಕಿ ಬಂದು ಕಟ್ಟೆಯ ಆಚೆಗೆ ಕೂತಳು. ಬಾವಿ ತೋಡುವ ಮನೆತನದವಳು, ಈ ಬಾವಿಯ ಹೂಳು ತೆಗೆದವರು ಅವಳೂ ಅವಳ ಗಂಡನೂ.

“ಎಷ್ಟು ಮದ್ದು ಹಾಕಿದ್ರಿ ಸ್ವಾಮಿ?”

ತೋರಿಸಿದೆ. ಎರಡು ಕೈ ಸೇರಿಸಿದರೆ ಹಿಡಿಯುವಷ್ಟು.

“ನೀರು ಎಷ್ಟದೆ ಅಂತ ಲೆಕ್ಕ?”

“ಸಾವಿರದ ಆರುನೂರೈವತ್ತು ಗ್ಯಾಲನ್” ಎಂದೆ. ಅವಳಿಗೆ ಅದು ತಿಳಿಯಲಿಲ್ಲ. ಸೀಮೆಎಣ್ಣೆಯ ಡಬ್ಬದ ಲೆಕ್ಕದಲ್ಲಿ ಹೇಳಿದೆ. ಒಂದು ಡಬ್ಬಕ್ಕೆ ನಾಲ್ಕು ಗ್ಯಾಲನ್, ನಾನೂರಕ್ಕೆ ಮೇಲೆ ಹನ್ನೆರಡು ಡಬ್ಬ.

ಅವಳು ತಲೆ ಆಡಿಸಿದಳು. “ಇಲ್ಲ ಸ್ವಾಮಿ. ಹೂಳು ತೆಗೆಯೋ ಮುಂಚೆ ನೀರು ಖಾಲಿ ಮಾಡೋಕೆ ಎತ್ತು ಕಟ್ಟಿ ತೊಗಲ ಚೀಲದ ಕಪಿಲೆ ಹೊಡೆದ್ವಿ. ಅವತ್ತೂ ನೀರು ಅಲ್ಲಿಗೇ ಇತ್ತು, ಆ ಮುಂದಕ್ಕೆ ಬಂದಿರೋ ಕಲ್ಲಿನ ತಾವ. ಚೀಲ ಎಷ್ಟು ಬಂತು ಅಂತ ನಾನೇ ಕಲ್ಲು ಇಟ್ಕಂಡು ಎಣಿಸ್ತಿದ್ದೆ. ನೂರಾ ಎಪ್ಪತ್ತು ಚೀಲ. ಒಂದೊಂದು ಚೀಲ ಹತ್ತು ಡಬ್ಬ ಹಿಡೀತದೆ.”

ಹತ್ತು ಡಬ್ಬವೆಂದರೆ ನಲವತ್ತು ಗ್ಯಾಲನ್. ನೂರಾ ಎಪ್ಪತ್ತು ಸಲ ನಲವತ್ತು. ಆರು ಸಾವಿರದ ಎಂಟುನೂರು. ಸೇದುತ್ತಿದ್ದಾಗ ಒಸರಿ ಬಂದ ನೀರನ್ನು ಸ್ವಲ್ಪ ಕಳೆದರೂ ನನ್ನ ಕೋಷ್ಟಕ ಹೇಳಿದ್ದಕ್ಕೆ ನಾಲ್ಕರಷ್ಟು.

ನಾಲ್ಕರಷ್ಟು ಎಂದು ಮನಸ್ಸಿಗೆ ಬಂದ ಕೂಡಲೇ ತಪ್ಪು ಎಲ್ಲಿದೆಯೆಂದು ಹೊಳೆಯಿತು. ಕಟ್ಟೆಯ ಮೇಲೆಯೇ ಸೀಮೆಸುಣ್ಣದಿಂದ ಲೆಕ್ಕ ಮಾಡಿದೆ. ಸುತ್ತಳತೆಯನ್ನು ಮೂರು ಚಿಲ್ಲರೆಯಿಂದ ಭಾಗಿಸಿದರೆ ವ್ಯಾಸ ಬರುತ್ತದೆ. ಕ್ಲಾಸಿನಲ್ಲಿ ವೃತ್ತದ ಲೆಕ್ಕವನ್ನು ಯಾವಾಗಲೂ ತ್ರಿಜ್ಯದಿಂದ ಮಾಡಿಸಿ ಅಭ್ಯಾಸವಾಗಿದ್ದ ನಾನು, ಆ ಸಂಜೆ ಆರು ಚಿಲ್ಲರೆಯಿಂದ ಭಾಗಿಸಿ ತ್ರಿಜ್ಯ ತೆಗೆದಿದ್ದೆ. ಆದರೆ ಕೈಪಿಡಿಯ ಸೂತ್ರಕ್ಕೆ ಬೇಕಾಗಿದ್ದದ್ದು ವ್ಯಾಸ. ಅರ್ಧ ಉದ್ದವನ್ನು ಅದರಿಂದಲೇ ಗುಣಿಸಿದರೆ ಬರುವುದು ಕಾಲು ಭಾಗ. ಕೋಷ್ಟಕದ ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಪ್ರತಿಯೊಂದು ಅಂಕಿಯೂ ಕಾಲು ಭಾಗವಾಗಿತ್ತು. ಈ ಬಾವಿಗೆ ಬೇಕಾದದ್ದು ಒಂದು ಪೌಂಡು ಪುಡಿ. ನಾನು ಹಾಕಿದ್ದು ಕಾಲು ಪೌಂಡು.

ಮುದುಕಿ ನನ್ನ ಮುಖ ನೋಡುತ್ತಿದ್ದಳು. “ಸಿಕ್ತಾ ಸ್ವಾಮಿ?”

“ಸಿಕ್ತು” ಎಂದೆ.

ಒಂದು ಪೌಂಡು ತೂಗಿ, ಕಲಸಿ, ತಿಳಿ ತೆಗೆದು ಬಾವಿಗೆ ಹಾಕಿದೆ. ಅರ್ಧ ಗಂಟೆಯ ಮೇಲೆ ಸೀಸೆಯ ನೀರು ಕಡು ನೀಲಿಯಾಯಿತು. ವಾಸನೆ ದೂರಕ್ಕೂ ಬರುತ್ತಿತ್ತು. ಊರಾಚೆ ಹುಡುಗನ ತಾಯಿಯ ಚಿತೆಯ ಹೊಗೆ ಕಾಣುತ್ತಿತ್ತು.

ಇನ್‌ಸ್ಪೆಕ್ಟರಿಗೆ ಅಂದೇ ಹೇಳಿದೆ. ಅವರು ಪುಡಿಯ ಡಬ್ಬದ ಮುಚ್ಚಳ ಬಿಗಿಯಾಗಿ ಹಾಕಿದರು. ಆಮೇಲೆ, “ಹಳೇ ಪುಡಿ ಅಂತ ಬರೆದುಬಿಡೋಣ ಮೇಷ್ಟ್ರೇ. ಅದೂ ಸುಳ್ಳಲ್ಲ. ಹಳೇ ಡಬ್ಬ ಸತ್ತೇ ಇತ್ತು” ಎಂದರು. ಅವರು ಕೆಟ್ಟವರಲ್ಲ, ನನ್ನ ಕೆಲಸ ಉಳಿಯಲಿ ಎಂದೇ ಹೇಳಿದರು.

ಹೆಡ್‌ಮಾಸ್ತರು ಕೋಣೆಯ ಬಾಗಿಲು ಹಾಕಿಕೊಂಡು ಹೇಳಿದ್ದೂ ಅದನ್ನೇ. “ರೋಗ ಬರೋದಿದ್ರೆ ಬಂದೇ ಬರ್ತಿತ್ತು. ಅವರು ಬಾವಿ ನೀರಿನಿಂದಲೇ ಹೋದ್ರು ಅಂತ ಯಾರು ಹೇಳೋಕಾಗುತ್ತೆ? ನೀವು ಒಬ್ರು ತಪ್ಪು ಒಪ್ಕೊಂಡ್ರೆ ಶಾಲೆ ಮೇಲೆ ಬರುತ್ತೆ. ಇನ್ನು ಯಾವ ಊರಿನೋರೂ ನಮ್ಮ ಹುಡುಗರನ್ನ ಬಾವಿ ಹತ್ರ ಬಿಟ್ಕೊಳ್ಳಲ್ಲ.”

“ಎಂಟು ಬಾವಿಗೆ ಮತ್ತೆ ಮದ್ದು ಹಾಕ್ಬೇಕು ಸಾರ್. ಯಾಕೆ ಅಂತ ಆ ಊರುಗಳಿಗೆ ಹೇಳ್ಬೇಕಲ್ಲ.”

“ಹೊಸ ಪುಡಿ ಬಂತು ಅಂತ ಹೇಳಿ.”

ಅವರ ಮಾತಿನಲ್ಲಿ ತೂಕವಿತ್ತು. ಯಾರ ಸಾವು ಯಾವ ಕೊಡದ ನೀರಿನಿಂದ ಬಂತೆಂದು ನಾನು ಇಂದಿಗೂ ಹೇಳಲಾರೆ. ಕೆಲಸ ಹೋದರೆ ನನ್ನ ಮನೆಯ ಗತಿಯೇನು ಎಂಬುದೂ ತಲೆಯಲ್ಲಿತ್ತು. ಹಳೆಯ ಪುಡಿ ಎಂದು ಬರೆದರೆ ಯಾರಿಗೂ ಏನೂ ಆಗುವುದಿಲ್ಲ ಎಂದು ಒಂದು ಕ್ಷಣ ನನಗೂ ಅನ್ನಿಸಿತು. ಆದರೆ ಬಾವಿಯ ಕಟ್ಟೆಯ ಮೇಲೆ ಹದಿನೈದು ಜನರ ಮುಂದೆ ಬಿದ್ದ ಮಾತು ಪುಡಿಯದಲ್ಲ, ಅಳತೆಯದು. ವರದಿಯಲ್ಲಿ ಏನಿದೆಯೆಂದು ಆ ಊರಿನವರು ಓದುವುದಿಲ್ಲ. ಅವರಿಗೆ ನೆನಪಿರುವುದು ಅಳತೆ ತಪ್ಪಿತು ಎಂಬುದು, ಅಳೆದವನು ಯಾರು ಎಂಬುದು.

ಹೆಡ್‌ಮಾಸ್ತರ ಮೇಜಿನ ಮೇಲಿದ್ದ ಕಾಗದವನ್ನೇ ತೆಗೆದುಕೊಂಡು ಬರೆದೆ. ಅಳತೆಗಳು ಸರಿಯಾಗಿದ್ದವು, ಕೋಷ್ಟಕ ನಾನು ಮಾಡಿದ್ದು, ವ್ಯಾಸದ ಜಾಗದಲ್ಲಿ ತ್ರಿಜ್ಯ ಬಳಸಿದ್ದೇನೆ, ನೀರನ್ನು ಪರೀಕ್ಷಿಸುವ ಸಾಮಗ್ರಿ ಇದ್ದೂ ಪರೀಕ್ಷಿಸಲಿಲ್ಲ. ಸಹಿ ಹಾಕಿ ಅವರ ಮುಂದಿಟ್ಟೆ. ಅವರು ಅದನ್ನು ಓದಿ, ಕನ್ನಡಕ ತೆಗೆದಿಟ್ಟು, “ಹೋಗಿ, ಮೊದಲು ಬಾವಿಗಳನ್ನ ನೋಡಿ” ಎಂದರು. ಕಾಗದವನ್ನು ಹರಿಯಲಿಲ್ಲ, ಮೇಲಕ್ಕೆ ಕಳಿಸಿದರು. ಆ ವರ್ಷದ ಬಡ್ತಿ ನಿಂತಿತು, ಛೀಮಾರಿ ಬಂತು, ಕೆಲಸ ಉಳಿಯಿತು.

ಎರಡು ದಿನ ಎಂಟು ಊರುಗಳನ್ನು ಸುತ್ತಿದೆ. ಪ್ರತಿ ಊರಿನಲ್ಲೂ ಕೋಷ್ಟಕ ತಪ್ಪಿತ್ತೆಂದು ಹೇಳಿಯೇ ಮದ್ದು ಹಾಕಿದೆ. ಒಂದು ಊರಿನಲ್ಲಿ ಬಾವಿಯ ಹತ್ತಿರ ಬಿಡಲಿಲ್ಲ, ಪಟೇಲರು ಬಂದು ಹೇಳಿದ ಮೇಲೆ ಬಿಟ್ಟರು. ಪ್ರತಿ ಬಾವಿಯಲ್ಲೂ ಸೀಸೆ ನೀಲಿಯಾಗುವ ತನಕ ಕಾದೆ. ಕೊನೆಯ ಬಾವಿಗೆ ಅಯೊಡೈಡಿನ ಒಂದೇ ಹರಳು ಉಳಿದಿತ್ತು. ಆ ಎಂಟು ಊರುಗಳಲ್ಲಿ ರೋಗ ಬರಲಿಲ್ಲ.

ಹುಡುಗನ ಮನೆಗೆ ಹೋದದ್ದು ಅದಾದ ಮೇಲೆ. ಬಾವಿಗಳ ಕೆಲಸ ಮೊದಲು ಎಂಬುದು ನಿಜ. ಹೆದರಿಕೆ ಇತ್ತೆಂಬುದೂ ನಿಜ.

ಹುಡುಗ ಒಳಗೆ ಗೋಡೆಗೊರಗಿ ಕೂತಿದ್ದ. ತಂದೆ ಜಗುಲಿಯ ಮೇಲಿದ್ದರು. ಒಬ್ಬ ಹೆಂಗಸು, ಬಹುಶಃ ಹುಡುಗನ ಸೋದರತ್ತೆ, ಮುಚ್ಚಿಟ್ಟ ತಟ್ಟೆಯೊಂದನ್ನು ಅವನ ಪಕ್ಕದಿಂದ ಎತ್ತಿಕೊಂಡು ಹೊರಗೆ ಬಂದು, “ಇವತ್ತೂ ಮುಟ್ಟಲಿಲ್ಲ ಅಣ್ಣ. ಮೂರು ದಿನ ಆಯ್ತು” ಎಂದಳು. ನನ್ನನ್ನು ನೋಡಿ ಪಕ್ಕಕ್ಕೆ ಸರಿದು ನಿಂತಳು.

ನಾನು ನಿಂತುಕೊಂಡೇ ಹೇಳಿದೆ. ಕಲಿಸುವಾಗ ಹೇಳುವಂತೆ ಬಿಡಿಸಿ ಹೇಳಿದೆ. ಬೇರೆ ರೀತಿ ಹೇಳಲು ನನಗೆ ಬರುತ್ತಿರಲಿಲ್ಲ. ಇಷ್ಟು ಹಾಕಬೇಕಿತ್ತು, ಇಷ್ಟು ಹಾಕಿದೆ, ತಪ್ಪು ನನ್ನ ಲೆಕ್ಕದಲ್ಲಿತ್ತು, ಹುಡುಗ ಮತ್ತೆ ಅಳೆದಾಗಲೂ ಅಷ್ಟೇ ಬಂದದ್ದು ಅಳತೆ ಸರಿಯಾಗಿದ್ದದ್ದರಿಂದ. ಇನ್‌ಸ್ಪೆಕ್ಟರು ಆಡಿದ ಮಾತು ತಪ್ಪು, ಅದನ್ನು ಅವರೇ ಊರಿಗೆ ಬಂದು ಹೇಳಲು ಒಪ್ಪಿದ್ದಾರೆ.

ತಂದೆ ನೆಲ ನೋಡುತ್ತ ಕೇಳುತ್ತಿದ್ದರು. ನಾನು ನಿಲ್ಲಿಸಿದ ಮೇಲೂ ನನ್ನ ಕಡೆ ನೋಡಲಿಲ್ಲ. ಎದ್ದು ಒಳಬಾಗಿಲ ಹತ್ತಿರ ಹೋಗಿ ನಿಂತರು.

“ಮೇಷ್ಟ್ರು ಹೇಳಿದ್ದು ಕೇಳಿಸ್ತೇನೋ?”

ಹುಡುಗ ತಲೆಯೆತ್ತಿದ.

“ನೀನು ಸರಿಯಾಗೇ ಅಳೆದಿದ್ಯಾ?”

“ಸರಿಯಾಗೇ ಅಳೆದಿದ್ದೆ ಅಪ್ಪಾ” ಎಂದ ಹುಡುಗ. ಅವನ ದನಿ ಒಡೆದು ಹೋಗಿತ್ತು.

“ಹಂಗಾರೆ ಏಳು. ಕೈ ತೊಳ್ಕೋ, ಉಣ್ಣು.”

ಸೋದರತ್ತೆ ತಟ್ಟೆಯನ್ನು ಮತ್ತೆ ಒಳಗೆ ತೆಗೆದುಕೊಂಡು ಹೋದಳು. ಹುಡುಗ ಗೋಡೆ ಹಿಡಿದು ಎದ್ದು, ಹಿತ್ತಿಲಿಗೆ ಹೋಗಿ ಕೈ ತೊಳೆದು ಬಂದು ಕೂತ. ಮುದ್ದೆ ಮುರಿದ. ಮೊದಲ ತುತ್ತು ಗಂಟಲಲ್ಲಿ ನಿಂತಿತು. ತಂದೆ ಅವನೆದುರು ಕುಕ್ಕರುಗಾಲಿನಲ್ಲಿ ಕೂತು ಲೋಟದಲ್ಲಿ ನೀರು ಬಗ್ಗಿಸಿ ಕೊಟ್ಟರು. ಮದ್ದಿನ ವಾಸನೆ ನಾನು ನಿಂತಲ್ಲಿಗೂ ಬಂತು. ಹುಡುಗ ಒಂದು ಗಳಿಗೆ ಲೋಟ ನೋಡಿ, ಆಮೇಲೆ ಕುಡಿದ.

ನನಗೆ ಯಾರೂ ಕೂರಲು ಹೇಳಲಿಲ್ಲ. ಬೈಯಲೂ ಇಲ್ಲ. ಸಾವಿನ ಮನೆಯಲ್ಲಿ ಬರ್ತೀನಿ ಎಂದು ಹೇಳಿ ಹೊರಡುವಂತಿಲ್ಲ. ಹಾಗಾಗಿ ಏನೂ ಹೇಳದೆ ಜಗುಲಿ ಇಳಿದು ಆವತಿಯ ದಾರಿ ಹಿಡಿದೆ.